ಮುಳುಗಾಯಿಗೆ ಚುಚ್ಚಿದ ಸೂಜಿ

ಗಾಜಿನ ಸಿರಿಂಜುಗಳನ್ನು ನೀರಿನಲ್ಲಿ ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದ ಕಾಲವದು. ಅಮ್ಮ ಶಿಕಾರಿಪುರದಲ್ಲಿ ಸರ್ಕಾರಿ ನರ್ಸ್ ಆಗಿದ್ದಳು. ಅವಳು ಕೆಲಸದಿಂದ ಮರಳಿ ಬಾಗಿಲು ತೆರೆದರೆ ಸೆರಗಿನ ಸ್ಪಿರಿಟ್ ವಾಸನೆಯೂ ಎದುರಿನ ಮಂಡಕ್ಕಿ ಭಟ್ಟಿಯ ಕಾದ ಮರಳಿನ ವಾಸನೆಯೂ ಒಟ್ಟಿಗೇ ಒಳಬರುತ್ತಿದ್ದವು. ನಾನು ಹೇಳಹೊರಟಿರುವ ಘಟನೆಯ ಇಸವಿಯನ್ನು ಇಲ್ಲಿ ನಮೂದಿಸುತ್ತಿಲ್ಲ. ನನ್ನ ತರಗತಿಯ ಲೆಕ್ಕ ಹಿಡಿದರೆ ಒಂದು ವರ್ಷ ಬರುತ್ತದೆ. ಅಮ್ಮ ಹೇಳುತ್ತಿದ್ದ ವರ್ಷ ಇನ್ನೊಂದು. ತಾಳೆ ನೋಡಲು ಮೂರನೆಯ ಆಧಾರ ದೊರೆತಿಲ್ಲ. ಚಳಿಗಾಲವೆಂಬುದಷ್ಟೇ ನಿಶ್ಚಿತ, ಏಕೆಂದರೆ ಹಿತ್ತಲಿನ ಬದನೆ ಗಿಡಗಳು ಕಾಯಿಯ ಭಾರಕ್ಕೆ ಬಾಗಿದ್ದವು. ಬದನೆಕಾಯಿಗೆ ನಮ್ಮ ಓಣಿಯಲ್ಲಿ ಮುಳುಗಾಯಿ ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಬಿಳಿ ಸೀರೆ ಉಟ್ಟವರೆಲ್ಲ ನಮ್ಮ ಕಡೆಯ ಜನರಿಗೆ ನರ್ಸಮ್ಮಂದಿರೇ. ಭಟ್ಟಿಯವರ ಮಗಳು ಶಾಂತಕ್ಕ ಊರಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿ, ನೆಲ ಒರೆಸುತ್ತಿದ್ದಳು. ಒಂದು ಸಂಜೆ ಬಿಳಿ ಸೀರೆಯುಟ್ಟು, ತಲೆಗೆ ಬಿಳಿ ಟೋಪಿ ಸಿಕ್ಕಿಸಿಕೊಂಡು ನಮ್ಮ ಹಿತ್ತಲಿಗೆ ಬಂದಳು.

"ನೋಡೇ, ಇನ್‌ಮ್ಯಾಲೆ ನಾನೂ ನರ್ಸಮ್ಮ!"

ಕೈಯಲ್ಲಿ ಹಳೆಯ ಸಿರಿಂಜು, ತುದಿ ಮೊಂಡಾದ ಸೂಜಿ. ಅಂದಿನಿಂದ ಅದೇ ನಮ್ಮ ಆಟವಾಯಿತು. ಗಿಡದಲ್ಲಿನ ಮುಳುಗಾಯಿಗಳೆಲ್ಲ ರೋಗಿಗಳು. ಅವುಗಳಿಗೆ ಹೆಸರಿಡುವುದು ನನ್ನ ಕೆಲಸ.

"ಈ ದಪ್ಪಂದು ಯಾರೇ?"

"ನಮ್ ಲೆಕ್ಕದ ಮೇಷ್ಟ್ರು."

"ಹಂಗಾದ್ರೆ ಮಗ್ಗುಲಿಗೆ ತಿರುಗ್ಸು, ಸೊಂಟಕ್ಕೇ ಬೀಳ್ಲಿ. ಅಳಬ್ಯಾಡ್ರಿ ಮೇಷ್ಟ್ರೇ, ಇರುವೆ ಕಚ್ಚಿದಂಗೆ ಅಷ್ಟೇ!"

ಒಂದು ಬೆಳಿಗ್ಗೆ ಅಮ್ಮ ಎಣ್ಣೆಗಾಯಿ ಮಾಡಲು ಕಾಯಿ ಸೀಳಿದಳು. ಒಳಗೆಲ್ಲ ಕಂದು ಗೀರು, ನೀರು ಜಿನುಗುತ್ತಿತ್ತು. ಇನ್ನೊಂದನ್ನು ಸೀಳಿದಳು, ಅದೂ ಹಾಗೆಯೇ. ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಹುಳ ಕೊರೆದಿದ್ದಲ್ಲ. ಯಾರೇ ಇದಕ್ಕೆ ಸೂಜಿ ಚುಚ್ಚಿದ್ದು?"

"ಶಾಂತಕ್ಕ. ದಿನಾ ಬಂದು ಕೈ ಪಳಗಿಸ್ಕಂತಾಳೆ. ದೊಡ್ಡೋರಿಗೆ ಚುಚ್ಚೋದು ಬಂತಂತೆ. ಬರೋ ವಾರ ಮಕ್ಕಳ ವಾರ್ಡಿಗೆ ಹಾಕ್ತಾರಂತೆ."

ಅಮ್ಮನ ಕೈ ಈಳಿಗೆಯ ಮೇಲೆಯೇ ನಿಂತುಬಿಟ್ಟಿತು. "ದೊಡ್ಡೋರಿಗೆ ಚುಚ್ಚೋದು ಬಂತಾ?" ಎಂದು ನನ್ನ ಮಾತನ್ನೇ ಮೆಲ್ಲಗೆ ಮರುನುಡಿದಳು. ಒಲೆಯ ಮೇಲಿನ ಒಗ್ಗರಣೆ ಸೀದು ಮನೆಯೆಲ್ಲ ಘಾಟು ತುಂಬಿದರೂ ಅವಳಿಗೆ ತಿಳಿಯಲಿಲ್ಲ. ಹೆರಿಗೆಯ ರಕ್ತವನ್ನೂ ಅಪಘಾತದ ಹೆಣಗಳನ್ನೂ ಕಂಡು ಬಂದು ಊಟ ಮಾಡುತ್ತಿದ್ದ ನನ್ನ ಅಮ್ಮ, ಒಂದು ತರಕಾರಿಯನ್ನು ಕಂಡು ಹೆದರಿದ್ದಳು.

ಆ ಭಾನುವಾರ ನರ್ಸುಗಳ ಸಂಘದವರು ನಮ್ಮ ಮನೆಯಲ್ಲಿ ಸೇರಿದರು. ಸೊರಬದಿಂದಲೂ ಆನವಟ್ಟಿಯಿಂದಲೂ ಬಸ್ಸಿನಲ್ಲಿ, ಸಮವಸ್ತ್ರದಲ್ಲಿಯೇ ಬಂದಿದ್ದರು. ಸೊರಬದ ಗಿರಿಜಕ್ಕ ಸಂಘದ ಅಧ್ಯಕ್ಷೆ.

"ಎಂತ ಮಾರಾಯ್ತಿ ಇದು!" ಎಂದರು ಅವರು, ಮಂಡಕ್ಕಿಯ ತಟ್ಟೆಯನ್ನು ಅತ್ತ ಸರಿಸಿ. "ನಾವು ವರ್ಷಗಟ್ಲೆ ವಾರ್ಡಲ್ಲಿ ನಿಂತು, ಬೈಸ್ಕೊಂಡು ಕಲ್ತಿದ್ದು. ಇಲ್ಲಿ ಬದನೆಕಾಯಿ ಮೇಲೆ ಕಲ್ತ್ರೆ ಸಾಕಾ?"

"ಆ ಹುಡುಗಿ ಮೇಲೆ ಪೊಲೀಸಿಗೆ ಕಂಪ್ಲೇಂಟ್ ಕೊಡಾಣ ರೀ," ಎಂದರು ಆನವಟ್ಟಿಯವರೊಬ್ಬರು.

ಅಮ್ಮ ಒಪ್ಪಲಿಲ್ಲ. "ಹುಡುಗಿ ತಂಟೆ ಬ್ಯಾಡ. ಸೀರೆ ಉಡಿಸಿದೋರನ್ನ ಕೇಳಾಣ ನಡೀರಿ."

ಅಷ್ಟೊಂದು ಬಿಳಿ ಸೀರೆಗಳು ಒಟ್ಟಾಗಿ ಪೇಟೆಯಲ್ಲಿ ನಡೆದುದನ್ನು ಕಂಡು ಅಂಗಡಿಯವರು, "ಯಾರಿಗೆ ಏನಾತ್ರೀ?" ಎಂದು ಎದ್ದು ನಿಂತರು. ನಾನು ಅಮ್ಮನ ಕೈ ಹಿಡಿದಿದ್ದೆ.

ನರ್ಸಿಂಗ್ ಹೋಮಿನ ಡಾಕ್ಟರು ಎಲ್ಲವನ್ನೂ ಕೇಳಿ ನಕ್ಕರು. "ಸೂಜಿ ಚುಚ್ಚೋಕೆ ಏನು ಮಹಾ ವಿದ್ಯೆ ಬೇಕ್ರಮ್ಮ? ಕೈ ಪಳಗಿದ್ರೆ ಆತು. ಶಾಂತಾ ನಿಮ್ಮಷ್ಟೇ ಚೆನ್ನಾಗಿ ಚುಚ್ತಾಳೆ." ಅವರ ಹಿಂದೆ ಟ್ರೇ ಹಿಡಿದು ನಿಂತಿದ್ದ ಶಾಂತಕ್ಕನ ಮುಖ ಅರಳಿತು.

"ಹಂಗಾದ್ರೆ ತೋಳು ಕೊಡಿ ಡಾಕ್ಟ್ರೇ," ಎಂದರು ಗಿರಿಜಕ್ಕ. "ಬರೀ ಬಿ-ಕಾಂಪ್ಲೆಕ್ಸು. ನಮ್ಮೆದುರಿಗೇ ಚುಚ್ಲಿ. ನಾವು ಸುಮ್ನೆ ಎದ್ದು ಹೋಗ್ತೀವಿ."

ಶಾಂತಕ್ಕ ನಿಜವಾಗಿಯೂ ಒಂದು ಹೆಜ್ಜೆ ಮುಂದೆ ಬಂದಳು. ಡಾಕ್ಟರ ಮುಖದಲ್ಲಿ ನಗು ಹಾಗೆಯೇ ಇತ್ತು. ಕೈ ಮಾತ್ರ ಮೇಜಿನ ಮೇಲಿಂದ ಜಾರಿ ಕೆಳಗೆ ಹೋಯಿತು.

"ಏನ್ರೀ ಇದು ತಮಾಷೆ..."

ಯಾರೂ ನಗಲಿಲ್ಲ. ಶಾಂತಕ್ಕ ಆ ಕೈ ಮರೆಯಾದ ಕಡೆಯನ್ನೇ ನೋಡುತ್ತಿದ್ದಳು. ಮನುಷ್ಯರ ಮುಖದಿಂದ ರಕ್ತ ಇಳಿಯುವುದೆಂದರೇನೆಂದು ನಾನು ಮೊದಲು ಕಂಡದ್ದು ಅವಳಲ್ಲಿ. ಅವಳು ಟ್ರೇಯನ್ನು ಸದ್ದಾಗದಂತೆ ಕೆಳಗಿಟ್ಟಳು, ಟೋಪಿಯ ಪಿನ್ನು ಬಿಚ್ಚಿದಳು, ನಮ್ಮ ನಡುವೆಯೇ ಹಾದು ಹೊರಗೆ ನಡೆದಳು.

ಸಂಘ ಅಷ್ಟಕ್ಕೆ ಬಿಡಲಿಲ್ಲ. ದೂರು ಶಿವಮೊಗ್ಗದವರೆಗೂ ಹೋಯಿತು. ಆ ನರ್ಸಿಂಗ್ ಹೋಮಿಗೆ ತರಬೇತಿ ಪಡೆದ ನರ್ಸುಗಳು ಬಂದರು. ಶಾಂತಕ್ಕ ಮತ್ತೆ ನಮ್ಮ ಹಿತ್ತಲಿಗೆ ಬರಲಿಲ್ಲ. ಕೆಲವು ಕಾಲದ ಮೇಲೆ ಮದುವೆಯಾಗಿ ಚಂದ್ರಗುತ್ತಿಯ ಕಡೆಗೆ ಹೋದಳೆಂದು ಕೇಳಿದೆ.

ನನ್ನ ನಿವೃತ್ತಿಯ ನಂತರ ಇದನ್ನು ಬರೆಯಬೇಕೆನಿಸಿದಾಗ, ಇಸವಿಯದಲ್ಲದೆ ಇನ್ನೊಂದು ಗೊಂದಲವೂ ಉಳಿದಿತ್ತು. ನನ್ನ ನೆನಪಿನಲ್ಲಿ ನಾವು ನರ್ಸಿಂಗ್ ಹೋಮಿಗೆ ಹೋದದ್ದು ಭಾನುವಾರ. ಗಿರಿಜಕ್ಕ ಮಾತ್ರ ಸೋಮವಾರವೆಂದೇ ಹೇಳುತ್ತಿದ್ದರು. ಅವರೂ ಅಮ್ಮನೂ ಈಗಿಲ್ಲ. ಶಾಂತಕ್ಕ ಆನವಟ್ಟಿಯಲ್ಲಿ ಮಗಳ ಮನೆಯಲ್ಲಿದ್ದಾಳೆಂದು ತಿಳಿದು ಈಚೆಗೆ ಹುಡುಕಿಕೊಂಡು ಹೋದೆ.

"ವಾರ ಯಾವುದಾದ್ರೇನು ಬಿಡವ್ವ," ಎಂದಳು. ಆಮೇಲೆ ತಾನಾಗಿಯೇ ಮುಂದುವರಿಸಿದಳು. "ಮಾರನೇ ದಿನ ನಿಮ್ಮಮ್ಮಾರೂ ಗಿರಿಜಕ್ಕಾರೂ ನಮ್ಮನಿಗೆ ಬಂದಿದ್ರು. 'ಎಸ್ಸೆಸ್ಸೆಲ್ಸಿ ಆಗೈತಲ್ಲೇ, ಸಂಘದಿಂದ ಟ್ರೈನಿಂಗಿಗೆ ಸೇರಿಸ್ತೀವಿ, ಬಾಗ್ಲು ತಗಿ' ಅಂತ ಬಡಿದ್ರು, ಬಡಿದ್ರು. ನಾನು ಚಿಲಕ ಹಾಕ್ಕೊಂಡು ಒಳಗೇ ಕುಂತಿದ್ದೆ."

ಅಮ್ಮ ತನ್ನ ಕೊನೆಯವರೆಗೂ ಇದನ್ನು ಹೇಳಿರಲಿಲ್ಲ.

"ಯಾಕೆ ತೆಗೀಲಿಲ್ಲ ಶಾಂತಕ್ಕಾ?"

ಅವಳು ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡಳು.

"ನಿಮ್ಮಮ್ಮಾರ ಮ್ಯಾಲೆ ಸಿಟ್ಟಿರಲಿಲ್ಲವ್ವ. ಡಾಕ್ಟ್ರು ಹೆದರಿದ್ದು ನನ್ ಕೈಗೆ ಅಲ್ವಾ? ಅವತ್ತಿಂದ ನನಗೂ ಈ ಕೈ ಕಂಡ್ರೆ ಹೆದ್ರಿಕೆ."

ಆ ದಿನವನ್ನು ಸಂಘದ ಗೆಲುವೆಂದೇ ನಾನು ಇಷ್ಟು ಕಾಲ ನಂಬಿದ್ದೆ. ಗೆಲುವು ಸುಳ್ಳಲ್ಲ, ಆ ವಾರ್ಡಿನ ಮಕ್ಕಳು ಬದುಕಿ ಬೆಳೆದಿರಬೇಕು. ಆದರೆ ನಮ್ಮ ಊರು ಒಬ್ಬ ನಿಜವಾದ ನರ್ಸಮ್ಮನನ್ನು ಪಡೆಯಬಹುದಾಗಿದ್ದ ಆ ಮರುದಿನ, ಹೊರಗೆ ಬಾಗಿಲು ಬಡಿಯುತ್ತಿದ್ದವರು ಸೋತು ಹಿಂದಿರುಗಿದ್ದರು.