ಬಾಮೈದನ ಸೋಮವಾರ ಮತ್ತು ನನ್ನ ಹಳೇ ಬೈಕು

ನನ್ನ ಬೈಕನ್ನು ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿ ಎಂದು ನಮ್ಮ ಗಲ್ಲಿಯ ಮೆಕ್ಯಾನಿಕ್ ಹೇಳಿದ ದಿನವೇ ನಾನು ಅವನ ಅಂಗಡಿಯ ಕಡೆ ತಲೆ ಹಾಕುವುದನ್ನು ಬಿಟ್ಟೆ. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಮೆಕ್ಯಾನಿಕ್‌ಗಳಿಗೇನೂ ಬರಗಾಲವಿಲ್ಲ. ಆದರೆ ಎರಡನೆಯವನೂ ಅದೇ ಮಾತು ಹೇಳಿದರೆ ಏನು ಗತಿ ಎಂಬ ಹೆದರಿಕೆ ನನಗೆ. ಹಾಗಾಗಿ ಬೈಕು ಸೊಸೈಟಿಯ ಪಾರ್ಕಿಂಗಿನಲ್ಲಿ ಹೊದಿಕೆ ಹೊದ್ದು ಬಿದ್ದಿತ್ತು. ಎಂಜಿನ್ ಗಟ್ಟಿಮುಟ್ಟಾಗಿಯೇ ಇತ್ತು, ಕೆಟ್ಟಿದ್ದು ಚಾರ್ಜಿಂಗ್ ಮಾತ್ರ. ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿಸಿ ತಂದು ಕೂರಿಸಿದರೆ, ಸ್ಟೇಷನ್ನಿಗೆ ಹೋಗಿ ಬರುವಷ್ಟರಲ್ಲಿ ಹೆಡ್‌ಲೈಟು ಮಂಕಾಗಿ, ಹಾರ್ನು ಶೀತವಾದವರ ಹಾಗೆ ಕೆಮ್ಮಿ, ಎಲ್ಲವೂ ತಣ್ಣಗಾಗುತ್ತಿತ್ತು.

ಅದು ಹಾಗೇ ಬಿದ್ದಿರುತ್ತಿತ್ತೋ ಏನೋ, ಅಷ್ಟರಲ್ಲಿ ನನ್ನ ಬಾಮೈದನ ಬೆನ್ನು ಕೈಕೊಟ್ಟಿತು.

ಅವನು ನನ್ನ ಹೆಂಡತಿಯ ತಮ್ಮ. ಅವರು ವಿಜಯಪುರದ ಕಡೆಯವರು, ನಾವು ಉಡುಪಿಯವರು. ನಾನೂ ನನ್ನ ಹೆಂಡತಿಯೂ ಲೋಕಲ್ ಟ್ರೇನಿನಲ್ಲಿ ಜಗಳವಾಡಿ ಪರಿಚಯವಾದವರು. ಆ ಜಗಳ ಇನ್ನೂ ಮುಗಿದಿಲ್ಲ. ಬಾಮೈದ ಶಹಾಡ್‌ನಲ್ಲಿ ಬಾಡಿಗೆ ಖೋಲಿ ಮಾಡಿಕೊಂಡು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗೆ ಸರಳು ತುಂಬುವ ಕೆಲಸ ಮಾಡುತ್ತಿದ್ದ. ಇನ್ನು ಮೇಲೆ ಭಾರ ಎತ್ತಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿಬಿಟ್ಟರು. ಸಾಹುಕಾರ ಪುಣ್ಯಾತ್ಮ. ಗೇಟಿನ ಹತ್ತಿರ ನಿಂತು ಲಾರಿಗೆ ಎಷ್ಟು ಹೋಯಿತು ಎಂದು ಎಣಿಸುವ ಕೆಲಸ ಕೊಡುತ್ತೇನೆ, ಆದರೆ ಲಾರಿಗಳು ಬೆಳಕು ಹರಿಯುವ ಮೊದಲೇ ಹೊರಡುತ್ತವೆ, ಸೋಮವಾರದಿಂದ ಅಷ್ಟೊತ್ತಿಗೆ ಬರಬೇಕು, ಬರಲಿಲ್ಲವೆಂದರೆ ಬೇರೆಯವನನ್ನು ನಿಲ್ಲಿಸುತ್ತೇನೆ ಎಂದಿದ್ದ. ಆ ಹೊತ್ತಿಗೆ ಶಹಾಡ್‌ನಿಂದ ಕಳಂಬೋಲಿಗೆ ಮುಟ್ಟಿಸುವ ಟ್ರೇನೂ ಇಲ್ಲ, ಬಸ್ಸೂ ಇಲ್ಲ.

ಇದನ್ನೆಲ್ಲ ಅವನು ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದ.

"ಗಾಡಿ ಐತೇನ್ ಅಂತ ಸಾವಕಾರ್ರು ಕೇಳಿದ್ರು ಮಾಮಾರ. ಐತ್ರಿ ಅಂದಬಿಟ್ಟೀನಿ."

ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ ಓಡುತ್ತದೆ. ನನ್ನ ಬೈಕು ತೆಗೆದುಕೊಂಡು ಹೋಗು, ಭಾನುವಾರ ಸಂಜೆಗೆ ರೆಡಿ ಇರುತ್ತದೆ, ರಿಪೇರಿ ನಾನೇ ಮಾಡುತ್ತೇನೆ ಎಂದೆ. ಬಾಮೈದನ ಮುಖ ಅರಳಿತು. ನನ್ನ ಹೆಂಡತಿಯದು ಅರಳಲಿಲ್ಲ.

"ಮೆಕ್ಯಾನಿಕ್ ಕಡೆ ಒಯ್ಯಾಕ ಏನ್ ಧಾಡಿ ನಿಮಗ? ಅವನ ಹೊಟ್ಟಿ ಪ್ರಶ್ನಿ ಐತಿದು" ಎಂದಳು.

ನಾನು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ಪಂಡಿತನಾಗಿದ್ದೆ. ಅವಳಿಗೆ ತಾಳ್ಮೆಯಿಂದ ವಿವರಿಸಿದೆ. ಎಂಜಿನ್ ತಿರುಗಿದಾಗ ಒಳಗಿನ ಕಾಯಿಲ್ ಕರೆಂಟು ಹುಟ್ಟಿಸುತ್ತದೆ, ಅಂದರೆ ಅದು ದುಡಿಯುವ ಗಂಡ. ಬ್ಯಾಟರಿ ಮನೆಯ ಉಳಿತಾಯ. ಇವೆರಡರ ನಡುವೆ ಅಂಗೈಯಷ್ಟು ದೊಡ್ಡ ಅಲ್ಯೂಮಿನಿಯಂ ಡಬ್ಬಿಯೊಂದಿದೆ, ಅಂಗಡಿಯವರು ಆರ್‌ಆರ್ ಯೂನಿಟ್ ಎನ್ನುತ್ತಾರೆ, ಅದು ಹೆಂಡತಿಯ ಹಾಗೆ. ಗಂಡ ಹೇಗೆ ತಂದರೂ ಹಿಡಿದು, ಪಳಗಿಸಿ, ಬೇಕಾದಷ್ಟನ್ನೇ ಬ್ಯಾಟರಿಗೆ ಹಾಕುತ್ತದೆ. ನಮ್ಮ ಬೈಕಿನದು ಸುಟ್ಟುಹೋಗಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಅಂಥ ಕೆಲಸ ಕೊಟ್ಟರೆ ಸುಡದೆ ಮತ್ತೇನಾಗುತ್ತದೆ ಎಂದು ಪಾತ್ರೆ ತೊಳೆಯಲು ಹೋದಳು.

ಶನಿವಾರ ಪಕ್ಕದ ಊರು ಕಲ್ಯಾಣಕ್ಕೆ ಹೋಗಿ ಹೊಸ ಕಾಯಿಲ್, ಹೊಸ ಡಬ್ಬಿ, ಒಂದು ಸುತ್ತು ವೈರು ತಂದೆ. ಕಾಯಿಲ್ ಕೂರಿಸಲು ಎಂಜಿನ್ನಿನ ಕವರ್ ಬಿಚ್ಚಿದಾಗ ಎಣ್ಣೆಯೆಲ್ಲ ಪಾರ್ಕಿಂಗಿನ ಟೈಲ್ಸ್ ಮೇಲೆ ಹರಿದು, ಸೊಸೈಟಿಯ ಸೆಕ್ರೆಟರಿ ಮರಾಠಿಯಲ್ಲಿ ನನ್ನ ಮಾನ ಕಳೆದರು. ಹಳೆಯ ವೈರುಗಳನ್ನು ಇಲಿ ತಿಂದಿತ್ತು. ಅಂಗಡಿಯಲ್ಲಿ ನಾನು ಕೊಂಡದ್ದು ಕೆಂಪು ವೈರು ಮಾತ್ರ, ಆದ್ದರಿಂದ ಎಲ್ಲ ಕಡೆಗೂ ಕೆಂಪನ್ನೇ ಎಳೆದೆ. ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಬಾಯಿಪಾಠವಿದೆ ಎಂಬ ಧೈರ್ಯ. ಸಂಜೆಗೆ ಆ ಡಬ್ಬಿ ಕೂರಿಸುವ ಪಟ್ಟಿಯ ತುಕ್ಕು ನೋಡಲಾರದೆ ಅದಕ್ಕೆ ಎರಡು ಕೋಟು ಕಪ್ಪು ಬಣ್ಣ ಬಳಿದೆ. ಅಷ್ಟು ಚೆಂದದ ಪಟ್ಟಿ ಇಡೀ ಬೈಕಿನಲ್ಲಿ ಬೇರೊಂದಿರಲಿಲ್ಲ.

ಡಬ್ಬಿಯನ್ನು ಮಾತ್ರ ಅಮ್ಮ ಬೋಲ್ಟುಗಳ ಸಮೇತ ಕಸಿದುಕೊಂಡು ದೇವರ ಕೋಣೆಗೆ ಒಯ್ದಿದ್ದರು. ನಮ್ಮಲ್ಲಿ ಹೊಸ ಮಿಕ್ಸಿ ಇರಲಿ, ಗ್ಯಾಸಿನ ರೆಗ್ಯುಲೇಟರ್ ಇರಲಿ, ದೇವರ ಮುಂದೆ ಒಂದು ರಾತ್ರಿ ಕಳೆಯದೆ ಕೆಲಸಕ್ಕೆ ಹತ್ತುವ ಹಾಗಿಲ್ಲ. ಅಮ್ಮನಿಗೆ ಬಾಮೈದನ ಕನ್ನಡ ಕಿವಿಗೆ ಹಿಡಿಸುವುದಿಲ್ಲ. ಅವನು ನೀರು ಕೇಳಿದರೂ ಹೊಡೆದಾಟಕ್ಕೆ ಬಂದ ಹಾಗೆ ಕೇಳುತ್ತದೆ ಎಂದು ಮೊದಲಿಂದಲೂ ತಮಾಷೆ ಮಾಡುವವರು. ಆದರೆ ಅವನು ಹೋಗುವ ದಾರಿಯಲ್ಲೆಲ್ಲ ಟ್ರೇಲರುಗಳೇ ಓಡುತ್ತವೆ ಎಂದು ನಾನು ಹೇಳಿದ ಮೇಲೆ ಅವರು ಗಂಧ ತೇಯುವುದನ್ನು ನಿಲ್ಲಿಸಲೇ ಇಲ್ಲ. ಭಾನುವಾರ ಬೆಳಿಗ್ಗೆ ಡಬ್ಬಿ ಕುಂಕುಮ, ದಾಸವಾಳಗಳೊಂದಿಗೆ ನನ್ನ ಕೈಗೆ ಬಂತು. ಹೂವು ತೆಗೆದಿಟ್ಟು, ಭಕ್ತಿಯಿಂದ ಅದನ್ನು ನನ್ನ ಕಪ್ಪು ಪಟ್ಟಿಗೆ ಬಿಗಿದೆ.

ಹೊಸ ಎಣ್ಣೆ ತುಂಬಿ ಕಿಕ್ ಹೊಡೆದೆ. ಎಂಜಿನ್ ಹಿಡಿಯಿತು. ಬ್ಯಾಟರಿಗೆ ವೋಲ್ಟ್ ಅಳೆಯುವ ಮೀಟರ್ ಹಚ್ಚಿ ಎಕ್ಸಿಲರೇಟರ್ ತಿರುವಿದರೆ ಅಂಕಿ ಏರಬೇಕು. ಅದು ಏರುವ ಬದಲು ಮೆಲ್ಲಗೆ ಇಳಿಯತೊಡಗಿತು. ವೈರು ಬದಲಿಸಿ ನೋಡೋಣವೆಂದರೆ ಎಲ್ಲವೂ ಕೆಂಪು. ಅದಲು ಬದಲು ಮಾಡಿ ಬ್ರೇಕ್ ಒತ್ತಿದರೆ ಹಾರ್ನು ಕೂಗಿತು. ಅದನ್ನು ಸರಿಮಾಡುವಷ್ಟರಲ್ಲಿ ಇಂಡಿಕೇಟರ್ ಮುಷ್ಕರ ಹೂಡಿತು. ಕಾಯಿಲ್ಲೇ ಡೂಪ್ಲಿಕೇಟು, ಕಲ್ಯಾಣದವನು ಟೋಪಿ ಹಾಕಿದ ಎಂದು ನಾನು ಸಿಡುಕಿದೆ. ಟಾರ್ಚ್ ಹಿಡಿದು ನಿಂತಿದ್ದ ಹೆಂಡತಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೋಡೆಗೆ ಹೇಳಿದಳು.

ಮಧ್ಯಾಹ್ನ ಬಾಮೈದ ಬಂದ. ಕೈಯಲ್ಲಿ ಹೊಚ್ಚಹೊಸ ಹೆಲ್ಮೆಟ್ಟು. ಪ್ಲಾಸ್ಟಿಕ್ ಕವರು ಕೂಡ ತೆಗೆದಿರಲಿಲ್ಲ, ಟ್ರೇನಿನ ಗರ್ದಿಯಲ್ಲಿ ಎದೆಗೆ ಅವಚಿಕೊಂಡು ತಂದಿದ್ದ. ಭಾನುವಾರ, ಎಲ್ಲ ಅಂಗಡಿಗಳೂ ಬಂದ್. ಗಲ್ಲಿಯ ಮೆಕ್ಯಾನಿಕ್ಕೂ ಊರಿಗೆ ಹೋಗಿದ್ದ. ನನ್ನ ಜಂಬದಿಂದ ಇವನ ಕೆಲಸ ಹೋಗುತ್ತದೆ, ನಾಳೆಯಿಂದ ಮತ್ತೆ ಆ ಬೆನ್ನಿಗೇ ಸರಳು ಬೀಳುತ್ತದೆ ಎಂದು ಅನ್ನಿಸಿ ಊಟವೂ ಸೇರಲಿಲ್ಲ. ಅವನೋ ಬಗ್ಗಲಾಗದೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ನಾನು ಕೇಳಿದ ಪಾನಾ, ಅಂದರೆ ಸ್ಪ್ಯಾನರ್, ಕೊಡುತ್ತಿದ್ದ. ಅಮ್ಮನೂ ಲಿಫ್ಟಿನಲ್ಲಿ ಕೆಳಗಿಳಿದು ಬಂದು ಇನ್ನೊಂದು ಕುರ್ಚಿಯಲ್ಲಿ ಕೂತರು.

ಬೈಕು ಸ್ಟ್ಯಾಂಡಿನ ಮೇಲೆ ಓಡುತ್ತಲೇ ಇತ್ತು. ಬಾಮೈದ ಏನನ್ನೋ ನೋಡಲು ಪಾನಾ ಹಿಡಿದ ಕೈಯನ್ನು ಬೈಕಿನ ಮೇಲೆ ಊರಿ ತುಸುವೇ ಬಾಗಿದ. ಹೆಡ್‌ಲೈಟು ಧಗ್ಗನೆ ಬೆಳಗಿತು. ಕೈ ತೆಗೆದ, ಮಂಕಾಯಿತು. ಮತ್ತೆ ಊರಿದ, ಬೆಳಗಿತು. ನಾನು ಅದೇ ಜಾಗದಲ್ಲಿ ಬರಿಗೈ ಇಟ್ಟೆ. ಏನೂ ಇಲ್ಲ. ಅಮ್ಮ ಕುರ್ಚಿಯಿಂದಲೇ ತೀರ್ಪು ಕೊಟ್ಟರು: ಅದು ಅವನ ಕೈಗುಣ, ನಿನಗೆ ಹುಟ್ಟಿದಾಗಿನಿಂದ ಇಲ್ಲ. ಹಾಗಾದರೆ ಕಳಂಬೋಲಿಯ ತನಕ ಒಂದು ಕೈ ಇಲ್ಲೇ ಇಟ್ಟುಕೊಂಡು ಬೈಕು ಬಿಡಲೇ ಎಂದು ಬಾಮೈದ ಕೇಳಿದ. ಅವನು ತಮಾಷೆಗೆ ಕೇಳಲಿಲ್ಲ.

ಹೆಂಡತಿ ಟಾರ್ಚನ್ನು ಹತ್ತಿರ ತಂದಳು. ಕೈಗುಣ ಕೈಯಲ್ಲಿರಲಿಲ್ಲ, ಪಾನಾದಲ್ಲಿತ್ತು. ಅದರ ಒಂದು ತುದಿ ಡಬ್ಬಿಗೂ ಇನ್ನೊಂದು ತುದಿ ಬೈಕಿನ ಬರಿಯ ಕಬ್ಬಿಣಕ್ಕೂ ತಾಗುತ್ತಿತ್ತು. ಆಗ ನನ್ನ ತಲೆಗೆ ಹೊಳೆಯಿತು. ಈ ಡಬ್ಬಿಗೆ ಅರ್ತಿಂಗಿನ ವೈರು ಬೇರೆ ಇಲ್ಲ, ಅದರ ಬೆನ್ನು ಬೈಕಿನ ಕಬ್ಬಿಣಕ್ಕೆ ಅಂಟಿಕೊಂಡರೇನೇ ಕರೆಂಟಿಗೆ ದಾರಿ. ಬಿಚ್ಚಿ ತೆಗೆದೆ. ಪಟ್ಟಿಯ ಮೇಲೆ ನನ್ನ ಎರಡು ಕೋಟು ಬಣ್ಣ. ಡಬ್ಬಿಯ ಬೆನ್ನಿಗೆ ಗಾರೆ ಮಾಡಿದಷ್ಟು ದಪ್ಪ ಗಂಧ. ಮುಂಭಾಗ ಏಣು ಏಣಾಗಿದೆ, ಹಿಂಭಾಗ ನುಣ್ಣಗಿದೆ ಎಂದು ಅಮ್ಮ ಅಲ್ಲೇ ಬಳಿದಿದ್ದರು. ಬೋಲ್ಟುಗಳನ್ನೂ ಬಿಟ್ಟಿರಲಿಲ್ಲ, ಒಂದೊಂದರ ಹಲ್ಲುಗಳಿಗೂ ಗಂಧ ಮೆತ್ತಿತ್ತು. ಪಾರ್ಕಿಂಗಿನ ತುಂಬ ಎಣ್ಣೆಯ ವಾಸನೆಯ ನಡುವೆ ದೇವಸ್ಥಾನದ ಪರಿಮಳ ಹಬ್ಬಿತು.

ಅತ್ತೆಯ ತಪ್ಪು ಹಿಡಿಯಲು ನನ್ನ ಹೆಂಡತಿಗೆ ಇಂಥ ಅವಕಾಶ ಮದುವೆಯಾದಾಗಿನಿಂದ ಸಿಕ್ಕಿರಲಿಲ್ಲ. ಅವಳು ಗಂಧವನ್ನು ನೋಡಿದಳು, ಅಮ್ಮನನ್ನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಬಣ್ಣಾ ಬಳದವರು ಯಾರ್ರಿ? ಬಣ್ಣದ ಮ್ಯಾಲೆ ಇಟ್ರ ಕರೆಂಟ್ ಹೆಂಗ ಹೋಗತೈತಿ?"

ಆ ಕ್ಷಣಕ್ಕೆ ಅವಳ ಮೇಲೆ ನನಗೆ ಬಂದ ಪ್ರೀತಿ ಟ್ರೇನಿನ ಕಾಲದಲ್ಲೂ ಬಂದಿರಲಿಲ್ಲ. ಆದರೆ ಅಮ್ಮನ ಕಣ್ಣು ಇನ್ನೂ ಚುರುಕು.

"ಅವನಿಗೆ ಒಬ್ಬನಿಗೇ ಎಂತಕ್ಕೆ ಬೈಯುವುದು? ಗಂಧ ನಾನು ಹಾಕಿದ್ದಲ್ವಾ" ಎಂದರು. "ದೇವರು ನೋಡಿ ಆಯ್ತು. ಇನ್ನು ಉಜ್ಜಿದರೆ ದೋಷ ಇಲ್ಲ."

ಮೇಲಿಂದ ಪಾತ್ರೆ ಉಜ್ಜುವ ತಂತಿ ತರಿಸಿಕೊಂಡು ಡಬ್ಬಿಯ ಬೆನ್ನನ್ನು ತಾವೇ ಉಜ್ಜಿದರು, ದೋಸೆಯ ಕಾವಲಿಗೂ ಅಷ್ಟು ಉಜ್ಜಿದ್ದಿಲ್ಲ. ನಾನು ಪಾಲಿಶ್ ಪೇಪರಿನಿಂದ ನನ್ನ ಚೆಂದದ ಪಟ್ಟಿಯನ್ನು ವಿಕಾರ ಮಾಡಿದೆ. ಬಿಗಿದು ಕಿಕ್ ಹೊಡೆದಾಗ ಮೀಟರಿನ ಅಂಕಿ ಏರಿತು, ಏರಿ ನಿಂತಿತು. ಬಾಮೈದ ಹೆಲ್ಮೆಟ್ಟಿನ ಪ್ಲಾಸ್ಟಿಕ್ ಕವರು ಹರಿದ. ಸಂಜೆ ಅವನು ಗೇಟು ದಾಟಿ ಹೋಗುವಾಗ ಇಂಡಿಕೇಟರ್ ಮಾತ್ರ ಎಡಕ್ಕೆ ಹಾಕಿದರೆ ಬಲಕ್ಕೆ ಮಿನುಗುತ್ತಿತ್ತು. ಕೈ ತೋರಿಸಿಕೊಂಡು ಹೋಗು ಎಂದೆ.

ಸೋಮವಾರ ನಸುಕಿಗೇ ಮನೆಯವರೆಲ್ಲ ಎದ್ದು ಕೂತಿದ್ದೆವು. ಚಹಾ ಆರಿತು. ಅವನು ಕಾಟಾಯಿ ದಾಟಿರಬಹುದು, ಶೀಲ್ ಫಾಟಾ ದಾಟಿರಬಹುದು ಎಂದು ನಾನು ಹೇಳುತ್ತಿದ್ದೆ, ಯಾರೂ ನನ್ನನ್ನು ನಂಬುತ್ತಿರಲಿಲ್ಲ. ಕೊನೆಗೆ ಫೋನು ಬಂತು. ಮುಟ್ಟೀನ್ರಿ ಎಂದ. ಹಿಂದೆ ಲಾರಿಗಳ ಸದ್ದು, ಕಬ್ಬಿಣ ಬೀಳುವ ಸದ್ದು. ಅಮ್ಮ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಭಾರ ಎಂತದೂ ಎತ್ತಬೇಡ, ಆಯ್ತಾ?"

"ಇಲ್ರಿ ಅವ್ವಾರ. ಇವತ್ತ ನಾ ಎತ್ತಂಗಿಲ್ಲ, ಎಣಸ್ತೀನಿ."

ಅಷ್ಟರಲ್ಲಿ ಅವನನ್ನು ಯಾರೋ ಕೂಗಿದರು. ಫೋನು ಕಟ್ ಮಾಡುವುದನ್ನು ಮರೆತು ಜೇಬಿಗೆ ಹಾಕಿಕೊಂಡನೆಂದು ಕಾಣುತ್ತದೆ. ಒಂದ, ಎರಡ, ಮೂರ ಎಂದು ಅವನ ದೊಡ್ಡ ಗಂಟಲು ಕೇಳತೊಡಗಿತು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಫೋನು ಇಡಲು ಕೈ ಚಾಚಿದೆ. ಅಮ್ಮ ಕೊಡಲಿಲ್ಲ. ಲಾರಿ ತುಂಬುವ ತನಕ ಕಿವಿಗೆ ಹಿಡಿದುಕೊಂಡೇ ಕೂತಿದ್ದರು.