ಹುರಿದಕ್ಕಿಯಲ್ಲಿ ಹುಗಿದ ಗುಂಡುಗಳು

ನಲವತ್ತೈದು ದಾಟಿದ ಮೇಲೆ ನನ್ನ ಹೆಂಡತಿ ರೈಫಲ್ ಶೂಟಿಂಗ್ ಹಿಡಿದಳು. ಅದಕ್ಕೆ ಬೇಕಾದ ಚಿಂತೆಯನ್ನೆಲ್ಲ ನಾನು ವಹಿಸಿಕೊಂಡೆ. ಅವಳಿಗೆ ಹೊಸನಗರದಲ್ಲಿ ಅಂಚೆ ಕಚೇರಿಯ ಕೆಲಸ. ನಾನು ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು.

ಕಳೆದ ವರ್ಷ ಜಿಲ್ಲಾ ಪಂದ್ಯದಲ್ಲಿ ಅವಳ ಒಂದು ಗುಂಡು ಹಾರಲಿಲ್ಲ. ಟ್ರಿಗರ್ ಎಳೆದರೆ ಬರೀ ‘ಟಕ್’ ಅಂದಿತು. ಬೇರೆ ಗುಂಡು ಹಾಕಿಕೊಳ್ಳಲು ಅವಕಾಶವಿದೆ, ಅಂಕವೇನೂ ಹೋಗುವುದಿಲ್ಲ. ಹೋದದ್ದು ಲಯ. ಎರಡೇ ಅಂಕದಲ್ಲಿ ರಾಜ್ಯಮಟ್ಟದ ಆಯ್ಕೆ ತಪ್ಪಿತು. ಆಮೇಲೆ ಅವಳು ಒಂದು ಭಾನುವಾರವೂ ಅಭ್ಯಾಸ ತಪ್ಪಿಸಲಿಲ್ಲ.

ಗುಂಡು ಕೈಕೊಟ್ಟದ್ದು ನಮ್ಮ ಊರಿನ ಥಂಡಿಯಿಂದ ಎಂದು ನಾನು ತೀರ್ಮಾನಿಸಿದೆ. ಯಾವ ಪುರಾವೆಯೂ ಇರಲಿಲ್ಲ. ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಹುರಿದಕ್ಕಿ ಹಾಕಿದರೆ ಉಪ್ಪು ನೀರಾಗುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಈ ವರ್ಷ ಅವಳ ರೈಫಲ್ಲಿಗೆ ಹೊಂದಿಬಂದ ಗುಂಡಿನ ಮೂರು ಪೆಟ್ಟಿಗೆ ಇದ್ದವು. ಅವಳಿಗೆ ಹೇಳದೆ ಒಂದು ಸೇರು ಅಕ್ಕಿ ಹುರಿದು ಆರಿಸಿ ಡಬ್ಬಿಗೆ ತುಂಬಿ, ಎರಡು ಪೆಟ್ಟಿಗೆಯ ನೂರು ಗುಂಡನ್ನು ಅದರೊಳಗೆ ಹುಗಿದು, ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಈ ಸಣ್ಣ ಗುಂಡುಗಳಿಗೆ ಮೇಣದಂಥ ತೆಳು ಜಿಡ್ಡು ಬಳಿದಿರುತ್ತಾರೆ. ನಳಿಗೆಯೊಳಗೆ ಸಲೀಸಾಗಿ ಜಾರಬೇಕು ಎಂದು. ಅದು ನನಗೆ ಗೊತ್ತಿರಲಿಲ್ಲ. ಈ ವರ್ಷದ ಜಿಲ್ಲಾ ಪಂದ್ಯಕ್ಕೆ ವಾರವಿರುವಾಗ ಡಬ್ಬಿ ತೆಗೆದರೆ ಗುಂಡುಗಳಿಗೆಲ್ಲ ಅಕ್ಕಿಯ ಹುಡಿ ಮೆತ್ತಿಕೊಂಡಿತ್ತು. ಗಾಬರಿಯಾಗಿ ಹಳೇ ಪಂಚೆಯ ತುಂಡಿನಲ್ಲಿ ನೂರನ್ನೂ ಒಂದೊಂದಾಗಿ ಒರೆಸಿದೆ. ಫಳಫಳ ಹೊಳೆದವು. ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಗುಂಡು ಪರೀಕ್ಷಿಸಲು ರೇಂಜಿಗೆ ಹೋದೆವು. ನಮ್ಮ ಶೂಟಿಂಗ್ ಕ್ಲಬ್ಬಿನ ರೇಂಜ್ ಎಂದರೆ ಕೆಲಸ ನಿಂತ ಕೆಂಪುಕಲ್ಲಿನ ಕ್ವಾರಿ. ಅದನ್ನು ನೋಡಿಕೊಳ್ಳುವವರು ತೀರ್ಥಹಳ್ಳಿ ಕಡೆಯ ನಿವೃತ್ತ ಹವಾಲ್ದಾರರು. ಹೆಂಡತಿ ಕೈಗವಸು ಹಾಕಿಕೊಳ್ಳುವುದರೊಳಗೆ ನಾನೇ ಬೋರಲು ಮಲಗಿ ಗುರಿಹಾಳೆಗೆ ಐದು ಗುಂಡು ಹೊಡೆದೆ. ಐದೂ ಐದು ದಿಕ್ಕಿಗೆ ಹೋಗಿದ್ದವು.

ಹವಾಲ್ದಾರರು ದುರ್ಬೀನಿನಿಂದ ಕಣ್ಣು ತೆಗೆಯದೆ ಕೇಳಿದರು, “ಮೇಷ್ಟ್ರೇ, ಇದು ಗುಂಡಿನ ಟೆಸ್ಟಾ, ನಿಮ್ದಾ?”

“ಏಳಿ ನೀವು,” ಎಂದು ಹೆಂಡತಿ ನನ್ನನ್ನು ಎಬ್ಬಿಸಿ, ಮರಳುಚೀಲದ ಮೇಲೆ ರೈಫಲ್ ಇಟ್ಟು ತಾನು ಐದು ಹೊಡೆದಳು. ಅವೂ ಅಂಗೈಯಗಲ ಚದುರಿದವು. ಯಾವಾಗಲೂ ಒತ್ತೊತ್ತಾಗಿ ಬೀಳುವ ಗುಂಡುಗಳು. ಅವಳ ಮುಖ ಸಪ್ಪಗಾಯಿತು.

ಹವಾಲ್ದಾರರು ಒಂದು ಗುಂಡನ್ನು ಬೆರಳಲ್ಲಿ ಹೊರಳಿಸಿ ಮೂಸಿದರು. “ಜಿಡ್ಡೇ ಇಲ್ಲ. ತಂಬಿಟ್ಟಿನ ವಾಸ್ನೆ ಬರ್ತದಲ್ಲ.”

ಒಪ್ಪಿಕೊಳ್ಳದೆ ದಾರಿಯಿರಲಿಲ್ಲ. ಅಕ್ಕಿ ಹುರಿದದ್ದು, ಒರೆಸಿದ್ದು ಎಲ್ಲ ಹೇಳಿದೆ.

“ಉಪ್ಪಿನಕಾಯಿ ಭರಣಿಗೆ ಹಾಕ್ಲಿಲ್ವಲ್ಲ, ಪುಣ್ಯ,” ಅಂದಳು ಹೆಂಡತಿ. “ಈಗೆಂತ ಮಾಡೋದು? ಪಂದ್ಯಕ್ಕೇ ಅರವತ್ತು ಬೇಕು. ಸರಿ ಇರೋದು ಐವತ್ತು.”

ಹವಾಲ್ದಾರರು ನಳಿಗೆ ಒರೆಸಿ, ಕ್ಲಬ್ಬಿನ ದಾಸ್ತಾನಿನಿಂದ ಮೂರು ಬೇರೆ ಬೇರೆ ಬಗೆಯ ಗುಂಡು ತಂದರು. ಹೆಂಡತಿ ಒಂದೊಂದರಲ್ಲಿ ಐದೈದು ಹೊಡೆದಳು. ಮೊದಲನೆಯದು ಪರವಾಗಿಲ್ಲ ಎನ್ನುವಂತಿತ್ತು. ಎರಡನೆಯದರಲ್ಲಿ ಒಂದು ಗುಂಡು ಗುಂಪು ಬಿಟ್ಟು ಓಡಿಹೋಗಿತ್ತು. ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು, ಪೆಟ್ಟಿಗೆ ನೋಡಿಯೇ ನಾನು ಬೇಡ ಎಂದಿದ್ದು. ಅದರ ಐದು ತೂತನ್ನೂ ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಬಹುದಿತ್ತು. ಅವಳು ಮತ್ತೆ ಐದು ಹೊಡೆದಳು. ಮತ್ತೆ ಹಾಗೆಯೇ. ಆಮೇಲೆ ಇಪ್ಪತ್ತೈದನ್ನು ಬಿಡುವಿಲ್ಲದೆ ಹೊಡೆದಳು. ಒಂದೂ ‘ಟಕ್’ ಅನ್ನಲಿಲ್ಲ.

“ಇದೇ ಸಾಕು,” ಅಂದಳು.

“ಇನ್ನೊಂದು ಪೆಟ್ಟಿಗೆ ಹೊಡೆದು ನೋಡೋಣ,” ಎಂದೆ. “ಮುಂದಿನದರಲ್ಲಿ ಕೈಕೊಟ್ಟರೆ?”

“ಎಲ್ಲಾ ಹೊಡೆದು ನೋಡಿದ್ರೆ ಭಾನುವಾರ ನಾನೆಂತ ಹೊಡಿಲಿ?”

ಹವಾಲ್ದಾರರು ನಗು ತಡೆಯಲಾರದೆ ಆಚೆ ತಿರುಗಿದರು. ಇಪ್ಪತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಆಗ ಹೊಳೆಯಿತು: ಹಾರುತ್ತದೋ ಇಲ್ಲವೋ ಎಂದು ಗೊತ್ತಾಗುವ ಹೊತ್ತಿಗೆ ಗುಂಡೇ ಇರುವುದಿಲ್ಲ.

ಭಾನುವಾರ ಶಿವಮೊಗ್ಗದಲ್ಲಿ ಅವಳ ಬೆನ್ನ ಹಿಂದೆ ಕೂತು ಒಂದೊಂದು ಸದ್ದನ್ನೂ ಎಣಿಸಿದೆ. ನಲವತ್ತರ ಹೊತ್ತಿಗೆ ಪಕ್ಕದವರು ನೀರಿನ ಬಾಟಲಿ ಕೊಟ್ಟರು, ನಾನು ಅಷ್ಟು ಬೆವರಿದ್ದೆ. ಅರವತ್ತೂ ಹಾರಿದವು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವಳು ಆಯ್ಕೆಗೆ ಬೇಕಾದದ್ದಕ್ಕಿಂತ ಮೂರು ಅಂಕ ಮೇಲಿದ್ದಳು. ಪಟ್ಟಿಯನ್ನು ಎರಡು ಸಲ ಓದಿ, ನನ್ನ ತೋಳು ಹಿಡಿದುಕೊಂಡು ನಿಂತಳು.

ಬರುವಾಗ ದಾರಿಯಲ್ಲಿ ತಿಂಡಿಗೆ ನಿಲ್ಲಿಸಿದೆವು. ರಾಜ್ಯಮಟ್ಟದ ಪಂದ್ಯಕ್ಕೆ ಇದೇ ಗುಂಡು ಸಿಗುತ್ತದೋ ಇಲ್ಲವೋ ಎಂದು ನಾನು ಶುರು ಮಾಡಿದೆ.

“ಎರಡು ಪೆಟ್ಟಿಗೆ ತೆಗೆದಿಡೋಕೆ ಹವಾಲ್ದಾರ್ರಿಗೆ ಹೇಳಿದೀನಿ,” ಅಂದಳು. “ಅವರ ಹತ್ರಾನೇ ಇರ್ಲಿ. ನೀವು ದೋಸೆ ತಿನ್ನಿ.”

ತಿಂದೆ. ಚೆನ್ನಾಗಿತ್ತು.