ಅವ್ವನ ಮೊಸರು, ಅವರ ಫ್ರಿಜ್ಜು

ಎಪ್ಪತ್ತರ ದಶಕದಲ್ಲಿ ದುರ್ಗದಲ್ಲಿ ಫ್ರಿಜ್ಜಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಂಥದ್ದೊಂದು ಮನೆಗೆ ನಮ್ಮವ್ವ ಮೊಸರು ಹಾಕುತ್ತಿದ್ದಳು. ಆ ಮನೆಯ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಮದಕರಿಪುರ. ಅವ್ವ ಬೆಳಗ್ಗೆ ಗಡಿಗೆ ಹೊತ್ತು ದುರ್ಗಕ್ಕೆ ನಡೆದರೆ, ಬೇಸಿಗೆ ರಜೆಯಲ್ಲಿ ನಾನೂ ಹಿಂದೆ ಓಡುತ್ತಿದ್ದೆ. ಸೌದೆ ಹೊಗೆಯ ವಾಸನೆ ಹಿಡಿದ, ದಪ್ಪ ಕೆನೆಯ ಎಮ್ಮೆ ಮೊಸರು. ಸೌಟಿನಲ್ಲಿ ಕೊಯ್ದು ಕೊಡಬೇಕಿತ್ತು. ಹಾಲಿಗೆ ನೀರು ಬೆರೆಸುವುದೆಂದರೆ ನಮ್ಮ ಹಟ್ಟಿಯಲ್ಲಿ ದೇವರೆತ್ತಿನ ಮೇಲೆ ಕೋಲೆತ್ತಿದಷ್ಟೇ ಪಾಪ.

ಒಂದು ಬೇಸಿಗೆ, ಅವ್ವ ಮೊಸರು ಹಾಕುತ್ತಿದ್ದ ಕಂಟ್ರಾಕ್ಟರ್ ಮನೆಗೆ ಫ್ರಿಜ್ಜು ಬಂತು. ಬಂದವರಿಗೆಲ್ಲ ಕಾಣಲಿ ಎಂದು ನಡುಮನೆಯಲ್ಲೇ ಕೂರಿಸಿ, ಮೇಲೆ ಕಸೂತಿ ಬಟ್ಟೆ ಹೊದಿಸಿದ್ದರು. ವಾರ ಕಳೆಯುವುದರೊಳಗೆ ಅವರ ಹೆಂಡತಿ ಸರೋಜಮ್ಮ ಅವ್ವನನ್ನು ಬಾಗಿಲಲ್ಲೇ ತಡೆದರು.

“ಏನೇ ಕೆಂಚಮ್ಮ, ನೀರು ಹಾಕೋಕೆ ಶುರು ಮಾಡಿದ್ಯಾ? ಊಟಕ್ಕೆ ತೆಗೆದಿಟ್ರೆ ಮೊಸರೆಲ್ಲ ನೀರು, ತಳದಲ್ಲಿ ಹರಳು ಹರಳು!”

“ದೇವರೆತ್ತಿನಾಣೆ ಇಲ್ರಮ್ಮ. ನನ್ನ ಮಕ್ಳು ಉಣ್ಣೋದೂ ಇದೇ ಮೊಸ್ರು ಐತೆ.”

“ಸಾಕು ಸುಮ್ನಿರು. ಪಕ್ಕದ ಮೂರು ಮನೇಗೂ ಹೇಳಿದೀನಿ, ನಿನ್ನ ಹತ್ರ ತಗೋಬೇಡಿ ಅಂತ.”

ಆ ಮೂರು ಮನೆಯವರೂ ಅಂದು ಮೊಸರು ಬೇಡವೆಂದರು. ತುಂಬಿದ ಗಡಿಗೆ ಹೊತ್ತು ಹಿಂದಿರುಗಿದೆವು. ಅವ್ವ ಅತ್ತದ್ದನ್ನು ನಾನು ಮೊದಲು ನೋಡಿದ್ದು ಆ ದಾರಿಯಲ್ಲಿ.

ಮಾರನೆಯ ದಿನ, ಹಿಂದೆ ಮೊಸರು ಕೊಟ್ಟು ಸರೋಜಮ್ಮನ ಮನೆಯಲ್ಲೇ ಬಿಟ್ಟಿದ್ದ ನಮ್ಮ ಪಾತ್ರೆ ತರಲು ಹೋದೆವು. ಸರೋಜಮ್ಮ ಫ್ರಿಜ್ಜು ತೆರೆದರು. ಮೇಲಿನ ಐಸ್ ಡಬ್ಬಿಗೆ ತಾಗಿಕೊಂಡು ನಮ್ಮ ಪಾತ್ರೆ ಕೂತಿತ್ತು. ಒಳಗಿದ್ದ ಮೊಸರು ಕಲ್ಲಾಗಿತ್ತು. ಪಕ್ಕದ ಸೌತೆಕಾಯಿ ಮುಟ್ಟಿದೆ, ಅದೂ ಕಲ್ಲು. ಕೊತ್ತಂಬರಿ ಮುಟ್ಟಿದರೆ ಪಟಪಟ ಮುರಿಯಿತು. ನನಗೆ ಎಲ್ಲಿತ್ತೋ ಸಿಟ್ಟು.

“ಅಮ್ಮಾರೆ, ಸೌತೆಕಾಯಿಗೂ ನಮ್ಮವ್ವನೇ ನೀರು ಹಾಕಿದ್ಲಾ?”

ಪೇಪರ್ ಓದುತ್ತಿದ್ದ ಕಂಟ್ರಾಕ್ಟರ್ ಎದ್ದು ಬಂದು ಒಳಗೆ ಇಣುಕಿದರು. ಅಲ್ಲೊಂದು ತಿರುಗಣೆ ಇತ್ತು, ಒಂದರಿಂದ ಏಳರವರೆಗೆ ಅಂಕಿ. ಅದು ಏಳರಲ್ಲಿತ್ತು.

“ಬೇಸಿಗೆ ಅಂತ ನಾನೇ ಪೂರ್ತಿ ತಿರುಗಿಸಿದ್ದೆ ಕಣೇ. ಗಡ್ಡೆ ಕಟ್ಟಿದ ಮೊಸರು ಕರಗಿದ್ರೆ ಒಡೆದು ನೀರಾಗಲ್ವಾ? ಇನ್ಮೇಲೆ ಕೆಳಗಿನ ತಟ್ಟೇಲಿಡು,” ಎಂದು ನಕ್ಕರು. ನಕ್ಕರು! ಮೂರಕ್ಕೆ ತಿರುಗಿಸಿ ಮತ್ತೆ ಪೇಪರ್ ಹಿಡಿದರು.

“ಆಯ್ತು ಬಿಡು, ನಾಳೆಯಿಂದ ತಂದು ಹಾಕು,” ಎಂದರು ಸರೋಜಮ್ಮ.

“ಹಾಕ್ತೀನ್ರಮ್ಮ. ಮೊದ್ಲು ಆ ಮೂರು ಮನೇಗೆ ಹೇಳ್ಬರ್ರಿ, ತಪ್ಪು ಕೆಂಚಮ್ಮಂದಲ್ಲ ಅಂತ.”

“ನಿನಗೋಸ್ಕರ ನಾನು ಮನೆ ಮನೆ ಸುತ್ತಬೇಕೇನೇ?”

ಅವ್ವ ಪಾತ್ರೆ ಎತ್ತಿಕೊಂಡಳು. “ನಡಿಯೇ ಮಗ್ಳೆ, ಹೋಗಾಣ.”

ದೂರು ಹೇಳಲು ಸುತ್ತಿದ ಕಾಲಿಗೆ ನಿಜ ಹೇಳಲು ಮಾತ್ರ ನೋವು ಬಂತು! ಅವ್ವ ಮತ್ತೆಂದೂ ಆ ಬೀದಿ ತುಳಿಯಲಿಲ್ಲ.

ಈಗ ನನ್ನ ಮನೆಯಲ್ಲೂ ಫ್ರಿಜ್ಜಿದೆ. ಒಳಗೆ ಪ್ಯಾಕೆಟ್ ಮೊಸರು, ನೀರೊಡೆದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಗಡಿಗೆ ಬೋರಲು ಹಾಕಿದರೂ ಬೀಳದ ಆ ಮೊಸರು ಅವ್ವನ ಜೊತೆಗೇ ಹೋಯಿತು. ಹಾಸಿಗೆ ಹಿಡಿದಿದ್ದಾಗ ಅವಳು ಒಮ್ಮೆ ಕೇಳಿದ್ದಳು, “ಸರೋಜಮ್ಮಾರು ಆ ಮೂರು ಮನೇಗೆ ಆಮೇಲಾದ್ರೂ ಹೇಳಿರ್ಬೋದೇನೇ?”

“ಹೇಳಿದ್ರಂತೆ ಕಣವ್ವ,” ಎಂದೆ. ನನ್ನ ಬಾಯಲ್ಲಿ ಆ ಸುಳ್ಳು ಹೇಳಿಸಿದ್ದಕ್ಕೂ ಅವರ ಮೇಲೆ ನನಗೆ ಸಿಟ್ಟಿದೆ.